ಕಲ್ಯಾಣಕ್ಕೆ ಹೋಗಿ ಬರುವ ಕಥೆಗಳು

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತುವವರಲ್ಲಿ ಎರಡು ಜಾತಿ. ಒಂದು, ಬಂದ ಗಾಡಿಗೆ ನುಗ್ಗಿ ಮುಂಬಯಿ ತನಕ ನಿಂತೇ ಹೋಗುವವರು. ಇನ್ನೊಂದು, ಉಲ್ಟಾ ದಿಕ್ಕಿನ ಗಾಡಿ ಹತ್ತಿ ಮೊದಲು ಕಲ್ಯಾಣಕ್ಕೆ ಹೋಗಿ, ಅದೇ ಗಾಡಿ ಅಲ್ಲಿಂದ ಮುಂಬಯಿಗೆ ತಿರುಗುವಾಗ ಹಿಡಿದ ಸೀಟಿನಲ್ಲೇ ಕೂತು ಬರುವವರು. ಇದಕ್ಕೆ ನಾವು ರಿಟರ್ನ್ ಬರುವುದು ಎನ್ನುತ್ತೇವೆ. ಮರ್ಯಾದಸ್ಥರು ಪಾಸನ್ನು ಕಲ್ಯಾಣದಿಂದಲೇ ತೆಗೆಸುತ್ತಾರೆ. ಕಲ್ಯಾಣದ ಹೆಂಗಸರು ಹತ್ತುವಷ್ಟರಲ್ಲಿ ಕಿಟಕಿಗಳೆಲ್ಲ ತುಂಬಿರುತ್ತವೆ, ಹಾಗಾಗಿ ದಿನಕ್ಕೊಂದು ಸುತ್ತು ಜಗಳ ಖಾಯಂ. ಮುಂಬಯಿಯಲ್ಲಿ ಆಫೀಸಿದ್ದಷ್ಟು ವರ್ಷ ನಾನು ಎರಡನೆಯ ಜಾತಿಯವಳು. ಜಗಳದಲ್ಲೂ ಹಿಂದೆ ಬಿದ್ದವಳಲ್ಲ.

ಕಥೆ ಬರೆಯಲು ಕಲಿತದ್ದು ಆ ಸೀಟಿನಲ್ಲೇ. ಮನೆಯಲ್ಲಿ ಅತ್ತೆಯ ಜೊತೆ ತುಳು, ಕಟ್ಟಡದ ಮೆಟ್ಟಿಲಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ. ಮದುವೆಯಾಗಿ ಉಡುಪಿ ಕಡೆಯಿಂದ ಬರುವಾಗ ಜೊತೆಗೆ ತಂದಿದ್ದ ಕನ್ನಡಕ್ಕೆ ಬರೆಯುವುದರ ಹೊರತು ಬೇರೆ ಕೆಲಸವೇ ಉಳಿದಿರಲಿಲ್ಲ. ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೆ. ದಿವಾ ಸ್ಟೇಷನ್ ದಾಟುವಾಗ ಒಂದು ಪ್ಯಾರಾ, ಠಾಣೆಯ ನೂಕುನುಗ್ಗಲು ಮುಗಿದ ಮೇಲೆ ಇನ್ನೊಂದು. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಅವು ಅಚ್ಚಾಗುತ್ತಿದ್ದವು, ಓದಿದವರು ಚೆನ್ನಾಗಿದೆ ಎನ್ನುತ್ತಿದ್ದರು. ಸಂಘದ ಸಂಚಿಕೆಯಲ್ಲಿ ಬಂದ ಕಥೆಯನ್ನು ಚೆನ್ನಾಗಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಸಂಘದವರು ಒಂದು ಶಾಲೆಯ ಕೋಣೆ ಬಾಡಿಗೆಗೆ ಹಿಡಿದು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಹೋಟೆಲ್‌ನವರ ಮಕ್ಕಳು, ಬ್ಯಾಂಕಿನವರ ಮಕ್ಕಳು, ಕಲಬುರಗಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲ ಬರುತ್ತಾರೆ. ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನನ್ನ ಮಗಳೂ ಅವರಲ್ಲೊಬ್ಬಳು, ಆಗ ಐದನೇ ಕ್ಲಾಸು. ಕಥೆಗಾರ್ತಿ ಎಂದು ಹೆಸರಾಗಿದ್ದರಿಂದ ಒಂದು ಭಾನುವಾರ ಮಕ್ಕಳಿಗೆ ಕಥೆ ಓದಲು ನನ್ನನ್ನು ಕರೆದರು. ದಾರಿ ತಪ್ಪಿದ ಕರುವಿನ ಕಥೆ ಬರೆದುಕೊಂಡು ಹೋದೆ. ಮೊದಲು ಊರು ಬಂತು, ಆಮೇಲೆ ಹೊಳೆ, ಆಮೇಲೆ ಕರುವಿನ ಯಜಮಾನನ ಅಜ್ಜಿಯ ಗುಣಗಾನ. ಕರು ಇನ್ನೂ ಹಟ್ಟಿಯಿಂದ ಹೊರಗೇ ಬಂದಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಒಬ್ಬನ ಶೂ ಲೇಸನ್ನು ಇನ್ನೊಬ್ಬ ಬೆಂಚಿನ ಕಾಲಿಗೆ ಕಟ್ಟಿ ಮುಗಿಸಿದ್ದ. ಮಗಳು ಹೆಬ್ಬೆರಳನ್ನು ಬಾಯಿಯತ್ತ ತೋರಿಸಿ ನೀರು ಕುಡಿಯಲು ಎದ್ದು ಹೋದಳು. ಹೋದವಳು ವಾಪಸು ಬರಲಿಲ್ಲ. ಓದುತ್ತಲೇ ಬಾಗಿಲಿನಿಂದ ನೋಡಿದೆ. ಫಿಲ್ಟರಿನ ಪಕ್ಕ ನಿಂತು, ಗೋಡೆಗೆ ಅಂಟಿಸಿದ್ದ ಶಾಲೆಯ ನೋಟಿಸುಗಳನ್ನು ಒಂದೂ ಬಿಡದೆ ಓದುತ್ತಿದ್ದಳು.

ಮನೆಗೆ ನಡೆಯುವಾಗ ಕೇಳಿದೆ, "ನೀರು ಕುಡಿಲಿಕ್ಕೆ ಅಷ್ಟು ಹೊತ್ತು ಬೇಕಾ ನಿಂಗೆ?"

"ಪ್ಯಾಸ್ ಲಗೀ ಥೀ, ಮಮ್ಮಿ," ಎಂದಳು, ಬಾಯಾರಿದ್ದು ನನ್ನದೇ ತಪ್ಪು ಎಂಬ ಹಾಗೆ.

ನನಗೆ ಅವಮಾನವಾಯಿತು. ಸಂಘದ ಅಷ್ಟೂ ಜನ ಓದದಿದ್ದರೆ ಬೇಡ, ಇವಳೊಬ್ಬಳು ನನ್ನ ಒಂದು ಕಥೆಯನ್ನಾದರೂ ಕೊನೆಯ ತನಕ ಕೇಳಬೇಕು ಎಂದು ಅವತ್ತು ಹಟ ಹಿಡಿದೆ. ಅವಳ ಕನ್ನಡ ಉಳಿಯಬೇಕು ಎಂಬುದು ಸಂಘದವರ ಚಿಂತೆ. ನನ್ನದು ಸ್ವಾರ್ಥ. ದಿನದ ಒಳ್ಳೆಯ ಹೊತ್ತನ್ನೆಲ್ಲ ಅಮ್ಮ ಎಲ್ಲಿ ಕಳೆಯುತ್ತಾಳೆ ಎಂದು ಅವಳು ಒಮ್ಮೆಯಾದರೂ ಕಥೆಯ ಒಳಗೆ ಬಂದು ನೋಡಿ ಹೋಗಲಿ ಅನ್ನಿಸಿತ್ತು.

ಮರುದಿನ ರೈಲಿನಲ್ಲಿ ಪಕ್ಕದವಳಿಗೆ ಹೇಳಿಕೊಂಡೆ. ವಿಜಯಪುರದವಳು, ಮುಂಬಯಿಯ ಒಂದು ಹೈಸ್ಕೂಲಿನಲ್ಲಿ ಟೀಚರ್, ನನ್ನ ಹಾಗೆ ರಿಟರ್ನ್ ಬರುವವಳು. ನಾನು ಬರೆದದ್ದನ್ನು ಅಚ್ಚಾಗುವ ಮೊದಲೇ ಓದುತ್ತಿದ್ದಳು. ಅವತ್ತೂ ನನ್ನ ಫೋನ್ ಇಸಿದುಕೊಂಡು ಕರುವಿನ ಕಥೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು.

"ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಹೇಳ್ತೀನಿ," ಎಂದಳು. "ನೀವು ಎಲ್ಲಾ ಕಥಿಗೂ ಮೊದಲ ಕಲ್ಯಾಣಕ್ಕ ಹೋಗ್ತೀರಿ. ಅಲ್ಲಿ ಆರಾಮ ಸೀಟ್ ಹಿಡದು ಕುಂತು, ಆಮ್ಯಾಲೆ ಬರ್ತೀರಿ. ಅಷ್ಟೊತ್ತನ ಡೊಂಬಿವಲಿ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತ ಮಂದಿ ಏನ್ ಮಾಡ್ಬೇಕ್ರಿ? ಹುಡುಗಿ ನೀರ್ ಕುಡಿಲಿಕ್ಕೆ ಹೋತು, ಪಾಪ."

ಸಿಟ್ಟಾಗಬೇಡಿ ಎಂದವರ ಮೇಲೆ ಸಿಟ್ಟಾಗದೆ ಇರುವುದು ನನ್ನಿಂದ ಆಗದ ಕೆಲಸ. ನೀವೂ ರಿಟರ್ನ್ ಬರುವವರೇ ಅಲ್ಲವೇ ಎಂದು ಚುಚ್ಚಿದೆ. "ನಾನು ಕಥಿ ಬರಿಯೂದಿಲ್ಲಲ್ರಿ," ಎಂದು ಅವಳು ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಆ ವಾರ ಬೇರೆ ಡಬ್ಬಿ ಹತ್ತಿದೆ. ಅಲ್ಲಿ ಕೂತು ನನ್ನ ಹಳೆಯ ಕಥೆಗಳನ್ನು, ದೊಡ್ಡವರಿಗಾಗಿ ಬರೆದವನ್ನು, ಒಂದೊಂದಾಗಿ ತೆರೆದು ಓದಿದೆ. ಗಂಡನನ್ನು ಬಿಟ್ಟವಳ ಕಥೆ ಅವಳ ಅಜ್ಜನ ತೋಟದಿಂದ ಶುರುವಾಗಿತ್ತು. ಕೆಲಸ ಕಳೆದುಕೊಂಡ ಹೋಟೆಲ್ ಮ್ಯಾನೇಜರನ ಕಥೆಯಲ್ಲಿ ಕೆಲಸ ಹೋಗುವುದು ಮೂರನೇ ಪುಟದಲ್ಲಿ, ಅದೂ ಕೆಳಗಡೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಇಳಿಯಲು ತಡವಾಯಿತು. ಎಲ್ಲ ಕಥೆಗಳ ತಲೆ ಕತ್ತರಿಸಿ ನೋಡಿದೆ. ಯಾವುದೂ ಸಾಯಲಿಲ್ಲ.

ಮಕ್ಕಳ ಕಥೆಗೆ ಊರಿನ ಕರುವನ್ನು ಬಿಟ್ಟು ನಮ್ಮ ಸ್ಟೇಷನ್ನಿನ ಬೆಕ್ಕನ್ನು ಹಿಡಿದೆ. ಬರೆಯುವ ಮೊದಲು ಬಾಯಲ್ಲಿ ಹೇಳಿ ನೋಡೋಣ ಎಂದು, ಸಂಜೆ ಚಪಾತಿ ಲಟ್ಟಿಸುತ್ತ, ಅಡುಗೆಮನೆಯ ನೆಲದ ಮೇಲೆ ಹೋಂವರ್ಕ್ ಮಾಡುತ್ತಿದ್ದ ಮಗಳಿಗೆ ಕೇಳುವ ಹಾಗೆ ಶುರು ಮಾಡಿದೆ. ಡೊಂಬಿವಲಿಯ ಒಂದು ಬೆಕ್ಕು ಲೇಡೀಸ್ ಡಬ್ಬಿ ಹತ್ತಿತು, ಕಲ್ಯಾಣದ ಆಚೆ ವಿಠ್ಠಲವಾಡಿಯಲ್ಲಿ ಇಳಿಯಿತು.

ಮಗಳ ಪೆನ್ಸಿಲ್ ನಿಂತಿತು. "ವಿಠ್ಠಲವಾಡಿ ಕ್ಯೂಂ?"

ಆ ಹೆಸರು ಕಿವಿಗೆ ಇಂಪು ಎಂಬುದರ ಹೊರತು ನನ್ನಲ್ಲಿ ಕಾರಣವಿರಲಿಲ್ಲ. "ಅದಕ್ಕೆ ಅಲ್ಲಿ ಇಳೀಬೇಕು ಅಂತ ಕಂಡಿತು," ಎಂದೆ.

"ಉಸ್ಕೋ ನಹೀ ಲಗಾ. ಆಪ್ಕೋ ಲಗಾ," ಎಂದು ಅವಳು ಮತ್ತೆ ಗಣಿತಕ್ಕೆ ಇಳಿದಳು. ಬೆಕ್ಕಿಗೆ ಅನ್ನಿಸಿದ್ದಲ್ಲ, ನಿನಗೆ ಅನ್ನಿಸಿದ್ದು ಎಂದು.

ಚಪಾತಿ ಕರಕಲಾಯಿತು. ಗಂಡನನ್ನು ಬಿಡುವ ನನ್ನ ಕಥೆಯ ಹೆಂಗಸು ಯಾಕೆ ಬಿಟ್ಟಳು? ಬಿಟ್ಟರೆ ಕಥೆ ಚೆನ್ನಾಗಿರುತ್ತದೆ ಎಂದು ನನಗೆ ಕಂಡಿತ್ತು, ಅದಕ್ಕೆ. ಓದಿದ ದೊಡ್ಡವರು ಅದನ್ನು ಕೇಳಲಿಲ್ಲ. ಒಂದೋ ದಾಕ್ಷಿಣ್ಯ, ಇಲ್ಲ ಅಷ್ಟು ದೂರ ಓದಿಯೇ ಇರಲಿಲ್ಲ.

ಬೆಕ್ಕಿಗೆ ಏನು ಬೇಕು ಎಂದು ಮುಂದಿನ ದಿನಗಳಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಯೋಚಿಸಿದೆ. ಮೀನು ಎಂದರೆ ಮಗಳು ಒಪ್ಪಲಿಲ್ಲ, ಮೀನು ಎಲ್ಲ ಬೆಕ್ಕುಗಳಿಗೂ ಬೇಕು ಎಂದಳು. ಕೊನೆಗೆ ಸಿಕ್ಕಿತು. ಸೇತುವೆಯ ಕೆಳಗೆ ಮುಡಿಯುವ ಹೂವಿನ ಗಜರಾ ಮಾರುವ ಅಜ್ಜಿ ತನ್ನ ಚಹಾದ ಬನ್ನಿನಲ್ಲಿ ಒಂದು ತುಂಡು ಬೆಕ್ಕಿಗೆ ಕೊಡುತ್ತಾಳೆ. ಸಂಜೆಯಾದರೆ ಗಾಡಿ ಹತ್ತಿ ಮಾಯವಾಗುತ್ತಾಳೆ. ಎಲ್ಲಿಗೆ ಹೋಗುತ್ತಾಳೆ ಎಂದು ಬೆಕ್ಕಿಗೆ ನೋಡಬೇಕಾಗಿದೆ. ಇಷ್ಟನ್ನು ಚಪಾತಿ ಹೊತ್ತಿನಲ್ಲಿ ಹೇಳಿದೆ. ಮಗಳು, ಬೆಕ್ಕಿಗೆ ಟಿಕೆಟ್ ಬೇಡವೇ, ಕಲ್ಯಾಣದಲ್ಲಿ ಬೇರೆ ದಿಕ್ಕಿಗೆ ತಿರುಗುವ ಕಸಾರಾ ಗಾಡಿಗೆ ಹೋಗಿಬಿಟ್ಟರೆ ಏನು ಗತಿ ಎಂದೆಲ್ಲ ಕೇಳಿದಳು, ಹಿಂದಿಯಲ್ಲಿ. ಬೆಕ್ಕು ವಿಠ್ಠಲವಾಡಿಯಲ್ಲಿ ಅಜ್ಜಿಯ ಹಿಂದೆ ಇಳಿದು, ಅವಳ ಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕುವಲ್ಲಿಗೆ ನಿಲ್ಲಿಸಿದೆ.

"ಅಂದರ್ ಕ್ಯಾ ಥಾ?"

"ಭಾನುವಾರ ಕ್ಲಾಸಿನಲ್ಲಿ ಓದ್ತೇನೆ," ಎಂದೆ. ನಿಜ ಹೇಳಬೇಕೆಂದರೆ ಒಳಗೆ ಏನಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಮೊದಲು ಬರೆದ ಕೊನೆಯಲ್ಲಿ, ತನ್ನ ಜಾಗವೇ ತನಗೆ ಚಂದ ಎಂದು ಬೆಕ್ಕು ಬುದ್ಧಿ ಕಲಿತಿತ್ತು. ರೈಲಿನ ಟೀಚರಮ್ಮ, ಅಷ್ಟರಲ್ಲಿ ನಮ್ಮಿಬ್ಬರಿಗೆ ರಾಜಿಯಾಗಿತ್ತು, ಅದನ್ನು ಓದಿ ಫೋನ್ ವಾಪಸು ಕೊಟ್ಟು ಮತ್ತೆ ಕಿಟಕಿಗೆ ತಲೆ ಕೊಟ್ಟಳು. ಅಳಿಸಿ ಬೇರೆ ಬರೆದೆ. ಬೆಕ್ಕು ಇಣುಕಿದರೆ, ಅಜ್ಜಿಯ ಮಡಿಲಲ್ಲಿ ಆಗಲೇ ಇನ್ನೊಂದು ಬೆಕ್ಕಿದೆ. ಅಷ್ಟಕ್ಕೇ ನಿಲ್ಲಿಸಿ ಕೊಟ್ಟಾಗ ಅವಳು ಮುಂಬ್ರಾ ತನಕ ಅದನ್ನೇ ಎರಡು ಸಲ ಓದಿದಳು. ಆಮೇಲೆ, "ಈ ಕಥಿಯೊಳಗ ನಿಂತೇ ಬಂದೆ ನೋಡ್ರಿ, ಕಾಲು ನೋಯಲಿಲ್ಲ," ಎಂದಳು. ದೊಡ್ಡವರಿಗೆ ಅಲ್ಲಿಗೇ ಸಾಕು, ಅವಳಿಗೂ ಸಾಕಾಯಿತು. ಆದರೆ ಮಕ್ಕಳನ್ನು ಹೊಸ್ತಿಲಲ್ಲಿ ಬಿಟ್ಟು ಬರಲು ನನಗೆ ಧೈರ್ಯವಾಗಲಿಲ್ಲ. ಅವರ ಜೊತೆ ಒಳಗೂ ಹೋಗಬೇಕು. ಆ ವಾರವೆಲ್ಲ ರೈಲಿನಲ್ಲಿ ನಾನು ಆ ಹೊಸ್ತಿಲಲ್ಲೇ ಇದ್ದೆ.

ಭಾನುವಾರ ಕ್ಲಾಸಿಗೆ ಹೋದಾಗ ಮಗಳು ನನಗಿಂತ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಎದುರಿಗೆ ಶಾಲೆಗೆ ಒಯ್ಯುವ ನೀರಿನ ಬಾಟಲಿ, ತುಂಬ ನೀರು. ಭಾನುವಾರ ಅವಳು ಯಾವತ್ತೂ ಬಾಟಲಿ ತಂದವಳಲ್ಲ.

"ಇದೆಂತದ್ದು?" ಎಂದೆ.

"ಬೀಚ್ ಮೇ ಉಠ್ನಾ ನ ಪಡೇ," ಎಂದಳು. ನಡುವೆ ಏಳುವುದು ಬೇಡವಲ್ಲ ಎಂದು.

 ಫೋನ್ ತೆರೆದು ಓದಿದೆ. ಮಡಿಲಿನ ಬೆಕ್ಕು ಬಂದಾಗ ಹಿಂದಿನ ಬೆಂಚಿನವರೂ ಅಯ್ಯೋ ಎಂದರು. ಹೊಸ ಕೊನೆಯಲ್ಲಿ, ಅಜ್ಜಿ ತಲೆಯೆತ್ತಿ ನೋಡಿ, ಎದ್ದು, ಇನ್ನೊಂದು ತಟ್ಟೆಗೆ ಹಾಲು ಸುರಿದಳು. ಬೆಳಿಗ್ಗೆ ಗಜರಾ ಬುಟ್ಟಿಯ ಜೊತೆ ನಮ್ಮ ಬೆಕ್ಕೂ ಡೊಂಬಿವಲಿಗೆ ಹೊರಟಿತು, ಅವತ್ತಿನಿಂದ ಅದೂ ಅಪ್-ಡೌನ್ ಶುರು ಮಾಡಿತು. ಮಕ್ಕಳು ಬೆಂಚು ಬಡಿದು ನಕ್ಕರು. ಮಗಳು ನಗಲಿಲ್ಲ. ಕೊನೆಯ ವಾಕ್ಯ ಮುಗಿದ ಮೇಲೂ, ಇನ್ನೂ ಏನಾದರೂ ಇದೆಯೋ ಎಂಬಂತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಈಗ ನನ್ನ ಆಫೀಸು ವಾಶಿಗೆ ಬದಲಾಗಿದೆ. ಡೊಂಬಿವಲಿಯಲ್ಲಿ ಹತ್ತಿ ನಿಂತೇ ಹೋಗಿ ಠಾಣೆಯಲ್ಲಿ ಗಾಡಿ ಬದಲಿಸುತ್ತೇನೆ, ಕಲ್ಯಾಣಕ್ಕೆ ಹೋಗಿ ಬರುವಷ್ಟು ದೂರದ ಪ್ರಯಾಣವಲ್ಲ. ಬರೆಯುವುದು ನಡೆದಿದೆ, ಸಂಘದವರು ಈಗಲೂ ಚೆನ್ನಾಗಿದೆ ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಆ ಭಾನುವಾರ ಮನೆಗೆ ಬಂದು ಮಗಳ ಬ್ಯಾಗು ಖಾಲಿ ಮಾಡುವಾಗ ಬಾಟಲಿ ಕೈಗೆ ಸಿಕ್ಕಿತ್ತು. ಅವಳು ಅದರ ಮುಚ್ಚಳ ತೆಗೆದೇ ಇರಲಿಲ್ಲ.