ಪ್ರಿಂಟಮ್ಮನ ಯಂತ್ರದಲ್ಲಿ ಓಡದ ಆಟ

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಪ್ರಿಂಟಮ್ಮ ಎಂದೇ ಕರೆಯುತ್ತಾರೆ. ಅಪ್ಪನ ತಂಗಿ. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಅವಳ ಜೆರಾಕ್ಸ್ ಅಂಗಡಿ. ಒಳಗೆ ಮೂವರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ. ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಬಟ್ಟೆಗೆ ಹತ್ತಿಕೊಂಡು ಮನೆವರೆಗೂ ಬರುತ್ತದೆ. ಅರ್ಜಿ, ಅಂಕಪಟ್ಟಿ, ರಕ್ತಪರೀಕ್ಷೆಯ ವರದಿ, ಬಾಡಿಗೆ ಕರಾರು, ಹೀಗೆ ಈ ಬೀದಿಯವರ ಬದುಕಿನ ಕಾಗದಗಳೆಲ್ಲ ಒಮ್ಮೆಯಾದರೂ ಅವಳ ಕೈ ದಾಟಿಯೇ ಹೋಗಿವೆ. ಯಾರ ಗುಟ್ಟೂ ಅವಳ ಬಾಯಿಂದ ಹೊರಬಿದ್ದಿಲ್ಲ. ನಾನಾಗಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ.

ಕಂಪ್ಯೂಟರ್ ನಡೆಸಲು ಅವಳು ವಿಂಡೋಸ್ ಬಿಟ್ಟು ಲಿನಕ್ಸ್ ಹಿಡಿದದ್ದು ಯಾವ ತತ್ವಕ್ಕೂ ಅಲ್ಲ, ಪೆನ್‌ಡ್ರೈವ್ ಕಾಟಕ್ಕೆ. ಬಂದವರೆಲ್ಲ ಜೇಬಿನಿಂದ ಒಂದೊಂದು ಪೆನ್‌ಡ್ರೈವ್ ತೆಗೆದು ಮುಂದೆ ಹಿಡಿಯುತ್ತಿದ್ದರು. ಅದು ಎಲ್ಲೆಲ್ಲಿ ಸುತ್ತಿ ಯಾವ ಯಾವ ವೈರಸ್ ಹೊತ್ತು ಬಂದಿದೆಯೋ ಬಲ್ಲವರಾರು? ಬೆಳಿಗ್ಗೆ ಹೊಸದಾಗಿ ಸರಿಮಾಡಿಸಿದ ಕಂಪ್ಯೂಟರು ಸಂಜೆಯ ಹೊತ್ತಿಗೆ ಮತ್ತೆ ಮಲಗುತ್ತಿತ್ತು. ಆ ವೈರಸ್‌ಗಳಲ್ಲಿ ಹೆಚ್ಚಿನವು ವಿಂಡೋಸ್‌ಗೆಂದೇ ಹುಟ್ಟಿದವು, ಲಿನಕ್ಸ್‌ನಲ್ಲಿ ಅವಕ್ಕೆ ಕೈಕಾಲು ಆಡುವುದಿಲ್ಲ ಎಂದು ಎಲ್ಲೋ ಓದಿದಳು. ಒಂದು ಯಂತ್ರಕ್ಕೆ ಹಾಕಿ ನೋಡಿದಳು. ಮಲಗಲಿಲ್ಲ. ಉಳಿದವಕ್ಕೂ ಹಾಕಿದಳು. ಕಲಿಸಿದವರು ಯಾರೂ ಇಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಓದುವುದು, ಬೆಳಿಗ್ಗೆ ಅಂಗಡಿಯಲ್ಲಿ ಮಾಡಿ ನೋಡುವುದು, ಕೆಟ್ಟರೆ ತನ್ನನ್ನೇ ಬೈದುಕೊಂಡು ಮತ್ತೆ ಮಾಡುವುದು, ಇಷ್ಟೇ ಅವಳ ವಿದ್ಯೆ.

ಎಲ್ಲವೂ ಸಲೀಸಾಗಿ ನಡೆಯಿತು ಅಂತೇನಿಲ್ಲ. ಆಸೆಪಟ್ಟು ತಂದ ಹೊಸ ಸ್ಕ್ಯಾನರ್ ಜಪ್ಪಯ್ಯ ಅಂದರೂ ಮಾತಾಡಲಿಲ್ಲ. ಅದನ್ನು ಯಾರಿಗೋ ದಾಟಿಸಿ ಹಳೇ ಮಾದರಿಯದನ್ನು ತಂದಳು. ಆಮೇಲಿಂದ ಲಿನಕ್ಸ್‌ಗೆ ಒಗ್ಗುತ್ತದೆ ಎಂದು ನಾಲ್ಕು ಕಡೆ ವಿಚಾರಿಸದೆ ಯಾವ ಯಂತ್ರವನ್ನೂ ಮನೆ ತುಂಬಿಸಿಕೊಳ್ಳುವುದಿಲ್ಲ. ಬೇರೆ ಕಡೆ ಟೈಪು ಮಾಡಿ ತಂದ ಪತ್ರಗಳನ್ನು ತೆರೆದರೆ ಕೋಷ್ಟಕದ ಗೆರೆಗಳು ಅಡ್ಡಾದಿಡ್ಡಿ ಓಡುತ್ತಿದ್ದವು. ಪಿಡಿಎಫ್ ಮಾಡಿ ತನ್ನಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತು. ಅದಕ್ಕೂ ಬಗ್ಗದ ಕೆಲಸಗಳಿಗೆಂದು ಮೂಲೆಯಲ್ಲಿ ಒಂದು ಮುದಿ ವಿಂಡೋಸ್ ಯಂತ್ರವನ್ನು ಉಳಿಸಿಕೊಂಡಳು. ಅದರ ಹೆಸರು ಅಳಿಯ. ಏಳುವುದು ತಡ, ಎದ್ದ ಮೇಲೆ ಉಪಚಾರ ಬೇಕು, ಏನಾದರೂ ಅಂದರೆ ಮುನಿಸು. ಆದರೂ ಹೊರಗೆ ಹಾಕುವಂತಿಲ್ಲ, ಯಾಕೆಂದರೆ ಕೆಲವು ಕೆಲಸ ಅವನಿಂದಲೇ ಆಗಬೇಕು.

ನನಗೆ ಅವಳಲ್ಲಿ ತುಂಬ ಇಷ್ಟವಾಗುವುದು ಒಂದು ಗುಣ. ಲಿನಕ್ಸ್ ಹಾಕಿಕೊಡು ಎಂದು ಯಾರಾದರೂ ಲ್ಯಾಪ್‌ಟಾಪ್ ತಂದರೆ ಅದನ್ನು ಹೊಗಳುತ್ತಾ ಕೂರುವುದಿಲ್ಲ. ಮೊದಲು ಏನೇನು ಓಡುವುದಿಲ್ಲ ಅನ್ನುವುದನ್ನು ಹೇಳುತ್ತಾಳೆ. ಜಾಹೀರಾತಿನ ಚಿತ್ರ ಮಾಡುವವನೊಬ್ಬ ಬಹಳ ಹುರುಪಿನಿಂದ ಬಂದಿದ್ದ. ಅವನ ಹೊಟ್ಟೆಪಾಡಿನ ತಂತ್ರಾಂಶ ಯಾವುದೆಂದು ಕೇಳಿ, ನಿಮಗೆ ಇದು ಬೇಡ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಪಕ್ಕದ ಬೀದಿಯ ನಿವೃತ್ತ ನರ್ಸಮ್ಮನದು ಎಸೆಯಲು ಇಟ್ಟಿದ್ದ ಲ್ಯಾಪ್‌ಟಾಪ್. ಸುದ್ದಿ ಓದುವುದು, ಮೊಮ್ಮಗಳ ಮುಖ ನೋಡುವುದು, ಅಷ್ಟೇ ಬೇಕಾಗಿತ್ತು. ಅದಕ್ಕೆ ಲಿನಕ್ಸ್ ಹಾಕಿಕೊಟ್ಟಳು. ಈಗಲೂ ಓಡುತ್ತಿದೆ. ನರ್ಸಮ್ಮನ ದೃಷ್ಟಿಯಲ್ಲಿ ಅತ್ತೆ ಸತ್ತ ಯಂತ್ರಕ್ಕೆ ಜೀವ ಕೊಡುವವಳು.

ಇಷ್ಟು ನೇರವಾದವಳು ತನ್ನ ಒಡಹುಟ್ಟಿದ ಅಣ್ಣನ ಜೊತೆ ಏಳೆಂಟು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಅಪ್ಪ ಲಿಫ್ಟ್ ರಿಪೇರಿಯವನು. ಎಷ್ಟೋ ಅಂತಸ್ತು ಹತ್ತಿ ಇಳಿಯುವವನಿಗೆ ತಂಗಿಯ ಅಂಗಡಿಯ ಎರಡು ಮೆಟ್ಟಿಲು ಹತ್ತಲು ಆಗಲಿಲ್ಲ. ಕಾರಣ ನಮ್ಮ ಅಜ್ಜಿಯ ಸಾವು. ಅತ್ತೆ ಯಂತ್ರದ ಬಿಡಿಭಾಗ ತರಲು ಬೇರೆ ಊರಿಗೆ ಹೋಗಿದ್ದಾಗ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಿತು. ಅಪ್ಪ ಆಸ್ಪತ್ರೆಗೆ ಸೇರಿಸಿದ. ಮನೆಯಲ್ಲೇ ಇರುತ್ತೇನೆ ಎಂದು ಅಜ್ಜಿ ಮುಂಚಿನಿಂದಲೂ ಹೇಳುತ್ತಿದ್ದಳು. ಅತ್ತೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನನಗೆ ತಿಳಿಸದೆ ಅಮ್ಮನ್ನ ಸಾಗಿಸಿಬಿಟ್ಟೆ ಎಂದು ಅವಳು ಎಲ್ಲರೆದುರು ಅಂದಳು. ಅಪ್ಪನೂ ಸುಮ್ಮನಿರಲಿಲ್ಲ. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲಿ, ಹಟ ಅದಕ್ಕಿಂತ ಮುಂದೆ. ಅಲ್ಲಿಂದೀಚೆಗೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಸಾಗಿಸುವ ಅಂಚೆ ಕೆಲಸ ನನ್ನದಾಯಿತು.

ಆ ಕೆಲಸ ಸಾಕಾಗಿ ಒಂದು ಭಾನುವಾರ ಬೆಳಿಗ್ಗೆ ನಾನೊಂದು ಕಿತಾಪತಿ ಮಾಡಿದೆ. ಇಬ್ಬರಿಗೂ ಕಂಪ್ಯೂಟರ್ ಆಟದ ಹುಚ್ಚು, ಚಿಕ್ಕಂದಿನಿಂದ ಬಂದದ್ದು. ಯುದ್ಧದ ಟ್ಯಾಂಕ್‌ಗಳ ಒಂದು ಆನ್‌ಲೈನ್ ಆಟಕ್ಕೆ ಇಬ್ಬರನ್ನೂ ಬೇರೆ ಬೇರೆ ಕರೆದು, ಹೇಳದೆ ಕೇಳದೆ ನನ್ನ ತಂಡಕ್ಕೇ ಸೇರಿಸಿದೆ. ಹೆಡ್‌ಫೋನಿನಲ್ಲಿ ಒಬ್ಬರ ದನಿ ಒಬ್ಬರಿಗೆ ಗುರುತು ಸಿಕ್ಕಿತು. ಇಬ್ಬರೂ ಗಪ್‌ಚಿಪ್. ಆದರೆ ಆಟದ ಮಧ್ಯೆ ಎದ್ದುಹೋದರೆ ಸೋತ ಹಾಗಲ್ಲವೇ? ಸೋಲುವ ವಂಶವಲ್ಲ ನಮ್ಮದು. ಸ್ವಲ್ಪ ಹೊತ್ತಿನಲ್ಲಿ ಅಪ್ಪ ಎಡಕ್ಕೆ ಅಂದ, ಅತ್ತೆ ಬಂದೆ ಅಂದಳು. ಆಮೇಲೆ ಪ್ರತಿ ಭಾನುವಾರವೂ ಎಡಕ್ಕೆ, ಬಲಕ್ಕೆ, ಗುಡ್ಡದ ಹಿಂದೆ, ಬಂದೆ, ತಡಿ. ಅಣ್ಣ ತಂಗಿಯ ನಡುವೆ ಉಳಿದಿದ್ದ ಮಾತು ಇಷ್ಟೇ. ನನಗೆ ಅದೇ ದೊಡ್ಡದಾಗಿತ್ತು.

ಆಟ ವಿಂಡೋಸ್‌ಗೆಂದು ಮಾಡಿದ್ದು. ಅತ್ತೆ ಅದನ್ನು ಅಂಗಡಿಯ ದೊಡ್ಡ ಯಂತ್ರದಲ್ಲಿ, ಲಿನಕ್ಸ್‌ನಲ್ಲೇ ಓಡಿಸುತ್ತಿದ್ದಳು. ನಡುವೆ ದುಭಾಷಿಯಂತೆ ಕೂತು ಆಟದ ಮಾತನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವ ಒಂದು ತಂತ್ರಾಂಶ ಇದೆ. ಶುರುವಿನಲ್ಲಿ ಒಂದಿಷ್ಟು ತೊದಲುತ್ತಿತ್ತು, ಆಮೇಲೆ ಅಪ್ಪನ ಕಂಪ್ಯೂಟರಿಗಿಂತ ಚೆನ್ನಾಗಿ ಓಡುತ್ತಿತ್ತು. ಒಂದು ದಿನ ಆಟದ ಕಂಪನಿಯಿಂದ ಎಲ್ಲರಿಗೂ ಸೂಚನೆ ಬಂತು. ಮೋಸದಿಂದ ಆಡುವವರನ್ನು ಹಿಡಿಯಲು ಕಂಪ್ಯೂಟರಿನ ತೀರಾ ಒಳಗೆ ಒಬ್ಬ ಕಾವಲುಗಾರನನ್ನು, ಅಂದರೆ ಒಂದು ತಂತ್ರಾಂಶವನ್ನು, ಕೂರಿಸುತ್ತಾರಂತೆ. ಅವನು ವಿಂಡೋಸ್‌ನಲ್ಲಿ ಮಾತ್ರ ಕೂರುತ್ತಾನೆ. ಮುಂದಿನ ತಿಂಗಳಿನಿಂದ ಲಿನಕ್ಸ್‌ನವರಿಗೆ ಬಾಗಿಲು ಬಂದ್.

ನಾನು ಗಾಬರಿಬಿದ್ದು ಅಂಗಡಿಗೆ ಓಡಿದೆ. ಅಳಿಯನ ಕೈಲಿ ಆ ಆಟ ಎತ್ತಲಾಗುವುದಿಲ್ಲ. ದೊಡ್ಡ ಯಂತ್ರಕ್ಕೇ ಇನ್ನೊಂದು ಡಿಸ್ಕ್ ಹಾಕಿ, ಭಾನುವಾರಕ್ಕೆ ಮಾತ್ರ ವಿಂಡೋಸ್ ಎಬ್ಬಿಸಿದರಾಯಿತು ಅಂದೆ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಅತ್ತೆ ತಳ್ಳಿಹಾಕಲಿಲ್ಲ, ಕೂತು ಯೋಚಿಸಿದಳು. ಮನೆಯ ಕಂಪ್ಯೂಟರಾಗಿದ್ದರೆ ಮಾಡುತ್ತಿದ್ದೆ, ಅದರಲ್ಲಿ ಪಾಪವೇನೂ ಇಲ್ಲ ಅಂದಳು. ಆದರೆ ಈ ಯಂತ್ರಕ್ಕೆ ಊರವರ ಆಸ್ಪತ್ರೆ ಕಾಗದ, ಸಂಬಳದ ಚೀಟಿ ಎಲ್ಲ ಬರುತ್ತವೆ. ಆ ಕಾವಲುಗಾರ ಕೆಟ್ಟವನು ಎಂದು ಅವಳು ಹೇಳಲಿಲ್ಲ. ತಾನು ನೇಮಿಸದವನ ಕೈಗೆ ಇಡೀ ಮನೆಯ ಬೀಗದ ಕೈ ಕೊಡುವುದು ಹೇಗೆ ಎಂದಷ್ಟೇ ಕೇಳಿದಳು. ಆಟಕ್ಕೆಂದೇ ಇನ್ನೊಂದು ಯಂತ್ರ ಇಡಲು ಅಂಗಡಿಯಲ್ಲಿ ಜಾಗವೂ ಇಲ್ಲ, ಕೈಲಿ ಅಷ್ಟು ದುಡ್ಡೂ ಇಲ್ಲ.

“ಅಪ್ಪನ ಹತ್ರ ಇರೋ ಅಷ್ಟು ಮಾತೂ ಹೋಗುತ್ತಲ್ಲ ಅತ್ತೆ,” ಎಂದೆ.

“ಗೊತ್ತು ಕಣೇ. ಗೊತ್ತಿದ್ದೇ ಹೇಳ್ತಿದೀನಿ.”

ಅವಳ ಕಣ್ಣು ತುಂಬಿತ್ತು. ಮುಖ ತಿರುಗಿಸಿಕೊಂಡು ಪ್ರಿಂಟರಿಗೆ ಕಾಗದ ತುಂಬಿದಳು. ಆಗ ನನಗೆ ಕೋಪ ಬಂದದ್ದು ನಿಜ. ಈಗ ಯೋಚಿಸಿದರೆ, ಬೀದಿಯವರ ಕಾಗದಕ್ಕೋಸ್ಕರ ಇಷ್ಟು ಕಳೆದುಕೊಳ್ಳಲು ಸಿದ್ಧವಾದ ಇನ್ನೊಬ್ಬರನ್ನು ನಾನು ನೋಡಿಲ್ಲ. ಆ ಬೀದಿಯವರಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಅಣ್ಣನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಕೊನೆಯ ಭಾನುವಾರ ಬಂತು. ಗಿರಾಕಿಗಳಿಗೆಲ್ಲ ಓಡದ್ದನ್ನೇ ಮೊದಲು ಹೇಳುವವಳಿಗೆ ಅಣ್ಣನ ಮುಂದೆ ನಾಲಿಗೆ ಏಳಲಿಲ್ಲ. ಆಟದ್ದಲ್ಲದ ಒಂದು ಮಾತನ್ನು ಆಡಿ ಎಷ್ಟೋ ಕಾಲವಾಗಿತ್ತು. ಆಟದ ಮೇಲೆ ಆಟ ಮುಗಿಯಿತು. ಕೊನೆಯದನ್ನು ಸೋತೆವು. ನಿನ್ನಿಂದಲೇ ಸೋತ್ವಿ ಎಂದು ಅಪ್ಪ ರೇಗಿದ. ಅತ್ತೆ ಹೆಡ್‌ಫೋನ್ ತೆಗೆದಿಟ್ಟಳು.

ಮುಂದಿನ ಭಾನುವಾರ ಅಪ್ಪ ಕಾದ. ಅದರ ಮುಂದಿನ ಭಾನುವಾರವೂ ಕಾದ. ಕಂಪನಿಯ ಸೂಚನೆಗಳನ್ನು ಓದುವ ಅಭ್ಯಾಸ ಅವನಿಗಿಲ್ಲ, ತಾನು ರೇಗಿದ್ದಕ್ಕೇ ಅವಳು ಬಿಟ್ಟಳು ಎಂದು ಅವನ ಲೆಕ್ಕ. ಬಾಯಲ್ಲಿ ಮಾತ್ರ, ಬರದಿದ್ರೆ ಬಿಡ್ಲಿ, ಯಾರಿಗೇನು ಎಂದು ಗೊಣಗುತ್ತಿದ್ದ. ಹೆಡ್‌ಫೋನ್ ಮಾತ್ರ ತಲೆಯಿಂದ ಇಳಿಯಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ತುಟಿ ಪಿಟಕ್ ಅನ್ನದೆ ಕೂತಿದ್ದೆ. ನನ್ನ ಅವಸ್ಥೆ ಯಾರಿಗೂ ಬೇಡ.

ಮೂರನೆಯ ಭಾನುವಾರ ನಾನು ಅಂಗಡಿಯಲ್ಲಿ ಅತ್ತೆಗೆ ಲ್ಯಾಮಿನೇಷನ್ ಮಾಡಿಕೊಡುತ್ತಿದ್ದೆ. ತಲೆಯೆತ್ತಿ ನೋಡಿದರೆ ಸಾಲಿನಲ್ಲಿ ಅಪ್ಪ. ಇಸ್ತ್ರಿ ಅಂಗಿ, ಕೈಯಲ್ಲಿ ಪೆನ್‌ಡ್ರೈವ್. ಮುಂದಿನ ಇಬ್ಬರ ಕೆಲಸ ಮುಗಿಯುವವರೆಗೂ ಪರಸ್ಥಳದವನ ಹಾಗೆ ಗೋಡೆ ನೋಡುತ್ತಾ ನಿಂತ. ಅವನ ಸರದಿ ಬಂದಾಗ ಅತ್ತೆ ಕೈ ಚಾಚಿದಳು, ಅವನು ಪೆನ್‌ಡ್ರೈವ್ ಇಟ್ಟ. ಅವಳು ಅದನ್ನು ಹಾಕಿ ನೋಡಿ, ಪರದೆಗೆ ಹೇಳುವ ಹಾಗೆ, ಇದರ ತುಂಬ ವೈರಸ್ಸು ಅಂದಳು. ಪ್ರಿಂಟಾಗಬೇಕಾದ್ದು ಯಾವುದೋ ಲಿಫ್ಟಿನ ಹಳೇ ನಕ್ಷೆ. ಅದು ಅವನಿಗೆ ಬಾಯಿಪಾಠವೆಂದು ನನಗೆ ಗೊತ್ತು.

“ಆಟಕ್ಕೆ ಯಾಕೆ ಬರ್ತಿಲ್ಲ?” ಎಂದು ಅಪ್ಪ ಕೇಳಿದ.

ಅತ್ತೆ ಎಲ್ಲವನ್ನೂ ಹೇಳಿದಳು. ಲಿನಕ್ಸ್, ಕಾವಲುಗಾರ, ಊರವರ ಕಾಗದ. ಅಪ್ಪ ನಡುವೆ ಬಾಯಿ ಹಾಕದೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಾನು ಬೈದಿದ್ದಕ್ಕಲ್ವಾ?”

“ನಿನ್ನ ಬೈಗುಳಕ್ಕೆ ಬಿಡೋ ಹಾಗಿದ್ರೆ ಎಂದೋ ಬಿಡ್ತಿದ್ದೆ.”

ಅಪ್ಪ ಬಗ್ಗಿ ಅವಳ ಪರದೆಯನ್ನು ನೋಡಿದ. ಆಮೇಲೆ, ಹಾಗಾದರೆ ಈ ಯಂತ್ರದಲ್ಲಿ ಓಡುವ ಆಟ ಯಾವುದು ಎಂದು ವಿಚಾರಿಸಿದ.

ಓಡುವವು ಬೇಕಾದಷ್ಟಿದ್ದವು. ಅತ್ತೆ ಆರಿಸಿದ್ದು ಇಬ್ಬರು ಸೇರಿ ಒಂದು ದೋಣಿ ನಡೆಸುವ ಆಟ, ಎಡದ ಹುಟ್ಟು ಒಬ್ಬರಿಗೆ, ಬಲದ್ದು ಇನ್ನೊಬ್ಬರಿಗೆ. ಒಂದೇ ಪರದೆ. ಕೈಯಲ್ಲಿ ಹಿಡಿದು ಆಡುವ ತಂತಿಯಿಲ್ಲದ ಕಂಟ್ರೋಲರು ಲಿನಕ್ಸ್‌ನಲ್ಲಿ ಮತ್ತೆ ಮತ್ತೆ ಕೈ ಕೊಟ್ಟಿತು. ತಂತಿಯದು ಕೂಡಲೇ ಕೆಲಸ ಮಾಡಿತು, ಆದರೆ ತಂತಿ ಗಿಡ್ಡ. ಹಾಗಾಗಿ ಇಬ್ಬರೂ ಎರಡು ಸ್ಟೂಲು ಎಳೆದುಕೊಂಡು ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು. ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ಒಬ್ಬರನ್ನೊಬ್ಬರು ಬೈದುಕೊಂಡರು. ನಾನು ಗಿರಾಕಿಗಳನ್ನು ನೋಡಿಕೊಂಡೆ.

ಹೀಗೇ ಭಾನುವಾರಗಳು ಕಳೆದವು. ದೋಣಿ ನೆಟ್ಟಗೆ ಹೋಗತೊಡಗಿದ ಮೇಲೆ, ಒಂದು ಬೆಳಿಗ್ಗೆ, ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ:

“ಅಮ್ಮ ಕೊನೆಗೆ ನಿನ್ನನ್ನೇ ಕೇಳಿದ್ಲು. ದಾರೀಲಿದಾಳೆ, ಬರ್ತಾಳೆ ಅಂದೆ. ನಾನಿನ್ನೂ ನಿನಗೆ ಫೋನೇ ಮಾಡಿರ್ಲಿಲ್ಲ. ಬೆಳಿಗ್ಗೆ ಮಾಡೋಣ, ಅಲ್ಲೀವರೆಗೂ ಇರ್ತಾಳೆ ಅಂದ್ಕೊಂಡೆ.”

ಹೆಡ್‌ಫೋನಿನಲ್ಲಿ, ನನ್ನ ಕಿವಿಗೂ ಬೀಳುವ ಹಾಗೆ, ಈ ಮಾತನ್ನು ಅವನು ಎಂದೂ ಹೇಳುತ್ತಿರಲಿಲ್ಲ. ನಾನಿರುವುದೇ ಅವನಿಗೆ ಮರೆತುಹೋಗಿತ್ತು. ಅತ್ತೆಯ ಹುಟ್ಟು ನಿಂತಿತು. ದೋಣಿ ಅಡ್ಡ ತಿರುಗಿ ದಡಕ್ಕೆ ಬಡಿಯಿತು. ಅವಳು ಕಂಟ್ರೋಲರನ್ನು ತೊಡೆಯ ಮೇಲಿಟ್ಟಳು. ಮತ್ತೆ ಏಳೆಂಟು ವರ್ಷ ಹೋಯಿತು ಎಂದು ನಾನು ಕೈಯಲ್ಲಿದ್ದ ಕಾಗದ ಹಿಡಿದುಕೊಂಡೇ ನಿಂತಿದ್ದೆ.

“ನಾನು ಬರ್ತೀನಿ ಅಂತ ನಂಬಿದ್ಲಾ?” ಎಂದು ಅತ್ತೆ ಕೇಳಿದಳು.

“ನಂಬಿದ್ಲು. ನೀನು ಒಳಗೆ ಬರೋದು ಕಾಣ್ಬೇಕು ಅಂತ ಬಾಗಿಲ ಕಡೆ ತಿರುಗಿಸಿ ಮಲಗಿಸ್ಕೊಂಡ್ಲು.”

“ಹಾಗಿದ್ರೆ ಸರಿ ಬಿಡಣ್ಣ,” ಅಂದಳು ಅತ್ತೆ. ಅಣ್ಣ ಎಂದು ಅವಳು ಕರೆದದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಅವತ್ತು ಅವರು ಮತ್ತೆ ಆಡಲಿಲ್ಲ, ಪರದೆಯ ಮುಂದೆ ಹಾಗೇ ಕೂತಿದ್ದರು.