ಕೆರೆಗೋಡು ತುಂಬಿದ ಹಗೇವು

"ಅಗೆದ್ರು, ಏನೂ ಸಿಗ್ನಿಲ್ಲ, ಹೋದ್ರು." ಹನಗೋಡಿನ ಪಕ್ಕದ ನಮ್ಮೂರಲ್ಲಿ ಯಾರನ್ನು ಕೇಳಿದರೂ ಇಷ್ಟೇ. ನಾನು ಒಪ್ಪುವುದಿಲ್ಲ. ಸಿಕ್ಕಿತ್ತು. ಸಿಕ್ಕಿದ್ದನ್ನು ಸಿಕ್ಕೇ ಇಲ್ಲ ಅನ್ನಿಸಿದರು.

ದೊಡ್ಡಪ್ಪನ ಹೊಲ ಲೇಔಟ್ ಆಗುವುದಿತ್ತು. ಅಲ್ಲಿ ಹಳೇ ಮಡಕೆ ಚೂರುಗಳು ಕಂಡವೆಂದು, ಜೆಸಿಬಿ ಇಳಿಯುವ ಮುಂಚೆ ಪರೀಕ್ಷೆಗೆ ಅಗೆಯಲು ಪುರಾತತ್ವದವರು ಬಂದರು. ಕಾಲೇಜಿಗೆ ರಜೆ, ಮಣ್ಣು ಜರಡಿ ಹಿಡಿಯಲು ನಾನೂ ಸೇರಿಕೊಂಡೆ. ಕಣದ ಪಕ್ಕ ಮೇಲ್ಮಣ್ಣು ಕೆರೆದಾಗ ಕೆಂಪು ನೆಲದಲ್ಲಿ ದುಂಡಗೆ ಒಂದು ಕಪ್ಪು ಮಚ್ಚೆ ಎದ್ದಿತು, ರೊಟ್ಟಿ ಹೆಂಚು ಮಗುಚಿಟ್ಟ ಹಾಗೆ.

ಅದು ಹಗೇವು. ಹಿಂದೆ ರಾಗಿ ತುಂಬಿಡುತ್ತಿದ್ದ, ನೆಲದೊಳಗಿನ ಕಣಜ. ಕಪ್ಪು ಮಣ್ಣಿನ ಗುರುತೂ ನನಗೆ ಸಿಕ್ಕಿತು: ಹಿಂದಿನ ವಾರ ದೊಡ್ಡಪ್ಪ ಟ್ರ್ಯಾಕ್ಟರಿನಲ್ಲಿ ಹೊಡೆಸಿದ್ದ ಕೆರೆಗೋಡು, ಕೆರೆಯಿಂದ ತೆಗೆದ ಕಪ್ಪು ಹೂಳು. ಸೈಟಾಗುವ ಹೊಲಕ್ಕೆ ಗೋಡು ಯಾಕೆ ಅಂತ ಆಗಲೇ ಕೇಳಿದ್ದೆ. "ಅಭ್ಯಾಸ ಕಣವ್ವ" ಅಂದಿದ್ದರು. ಹಗೇವು ಮುಚ್ಚಲೆಂದು ಈಗ ಗೊತ್ತಾಯಿತು. ಆದರೂ ಅವರು ಹೇಳಿದ್ದೂ ನಿಜ, ಅಭ್ಯಾಸವೇ. ಅಲ್ಲಿನ ಕೆಂಪು ಮಣ್ಣನ್ನೇ ಎಳೆದು ಮುಚ್ಚಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಹೊಲಕ್ಕೆ ಮಣ್ಣು ಹೊಡೆಸುವುದೆಂದರೆ ನಮ್ಮವರಿಗೆ ಕೆರೆ ಬಿಟ್ಟು ಬೇರೆ ಜಾಗ ತೋಚುವುದಿಲ್ಲ.

ತಂಡದ ಮೇಡಂ ಕರಣೆಯಿಂದ ಕೆದಕಿದರು. ಕೈಗೆ ಬಂದದ್ದು ಗುಟ್ಕಾ ಪೊಟ್ಟಣ. "ಇತ್ತೀಚಿನ ಗುಂಡಿ. ಬಿಟ್ಟುಬಿಡಿ."

"ತುಂಬಿದ ಮಣ್ಣು ಮೊನ್ನೇದು ಮೇಡಂ. ಗುಂಡಿನೂ ಮೊನ್ನೇದಾ? ಅಜ್ಜಿ ಚೊಂಬಲ್ಲಿ ಇವತ್ತು ನೀರು ಹಿಡಿದ್ರೆ ಚೊಂಬು ಹೊಸದಾಗುತ್ತಾ?"

ಅವರು ಯೋಚಿಸಿದರು. "ಸರಿ, ಜಮೀನಿನವರೇ ಹೇಳಲಿ. ಹಳೇದಾದ್ರೆ ಪೂರ್ತಿ ಅಗೆದು, ಅಳತೆ, ಫೋಟೋ ಎಲ್ಲ ಆದಮೇಲೇ ಜೆಸಿಬಿ."

ದೊಡ್ಡಪ್ಪ ಟವೆಲ್ ಕೊಡವಿದರು. "ತಿಪ್ಪೆಗುಂಡಿ ಕಣ್ರಮ್ಮ. ಇವ್ಳ ಮಾತು ಬುಡಿ. ಡಿಬೇಟಲ್ಲಿ ಕಪ್ ಗೆದ್ಬುಟ್ಟವ್ಳೆ, ಕೋಳಿ ಕೂಗುದ್ರೂ ಯಾಕ್ ಕೂಗ್ದೆ ಅಂತ ಕೇಳ್ತಾಳೆ."

ಎಲ್ಲರೂ ನಕ್ಕರು. ನಗು ವಾದಕ್ಕೆ ಉತ್ತರವಲ್ಲ. ಆದರೂ ಮೇಡಂ ಅಳತೆಗೆ ಕಟ್ಟಿದ್ದ ಹಗ್ಗ ಬಿಚ್ಚಿ ಸುತ್ತತೊಡಗಿದರು; ಬದುವಿನ ಮೇಲೆ ಜೆಸಿಬಿ ಸ್ಟಾರ್ಟ್ ಆಯಿತು.

ಇದೇ ದೊಡ್ಡಪ್ಪ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿಲ್ಲ! ಅವರವ್ವ ಈ ಕಣದ ಪಕ್ಕದ ಹಗೇವಿನ ಬಾಯಿ ತೆಗೆದು, ಕೆಟ್ಟ ಗಾಳಿ ಹೋಗಲೆಂದು ಕಾದು, ಒಳಗೆ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇವರ ಸೊಂಟಕ್ಕೆ ಹಗ್ಗ ಕಟ್ಟಿ ರಾಗಿ ತೆಗೆಯಲು ಇಳಿಸುತ್ತಿದ್ದರಂತೆ.

ನಾನು ಹೋಗಿ ಆ ಕಪ್ಪು ಮಣ್ಣಿನ ಮೇಲೆಯೇ ನಿಂತೆ. ಮೇಡಂಗೂ ಕೇಳಿಸಲಿ ಅಂತ ಜೋರಾಗಿಯೇ ಕೇಳಿದೆ:

"ದೊಡ್ಡಪ್ಪ, ನಿಮ್ಮವ್ವ ದೀಪ ಇಳಿಸಿ ನೋಡ್ತಿದ್ದದ್ದು ತಿಪ್ಪೆಗುಂಡಿಗಾ?"