ಗೌರಕ್ಕ ಸೋತಾಗಲೆಲ್ಲ ಏರಿದ ನಂಬರು

ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದೆ. ಮೇಜಿನ ಮೇಲಿದ್ದ ಫೋನು ಒಮ್ಮೆ ಗುರ್ ಎಂದು ಸುಮ್ಮನಾಯಿತು. ನೋಡಿದರೆ ‘ಚೌಕಾಬಾರ 1.0.1 ಸಿದ್ಧವಾಗಿದೆ’ ಎಂಬ ಒಂದೇ ಸಾಲು. ಏಳು ತಿಂಗಳಿಂದ ಆ ಕಡೆಯಿಂದ ಸದ್ದಿರಲಿಲ್ಲ. ನಿಮಗೆ ಇದರಲ್ಲಿ ವಿಶೇಷ ಕಾಣದಿರಬಹುದು. ನನ್ನ ಕೈಯಲ್ಲಿ ಮಾತ್ರ ಬೆಣ್ಣೆಯ ಚಾಕು ನಿಂತೇಹೋಯಿತು. ಮೂರನೆಯ ಅಂಕಿ ಏರಿತೆಂದರೆ ಯಾವುದೋ ತಪ್ಪನ್ನು ತಿದ್ದಿದ್ದಾರೆ ಎಂದರ್ಥ. ಆ ಆಟದಲ್ಲಿ ಉಳಿದಿದ್ದ ತಪ್ಪು, ನನಗೆ ಗೊತ್ತಿದ್ದಂತೆ, ಒಂದೇ. ಅದು ನನ್ನದು.

ಎಪ್ಪತ್ನಾಲ್ಕು ವರ್ಷದ, ಕಾನ್ವೆಂಟಿನಲ್ಲಿ ಕಲಿತ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮುದುಕಿಗೆ ವರ್ಷನ್ ನಂಬರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಎಲ್ಲಾ ನೀಲಾಳಿಂದ ಬಂದದ್ದು. ಮೂವತ್ತು ವರ್ಷ ನಾವಿಬ್ಬರೂ ಧಾರವಾಡದ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವರು. ಅವಳು ಗಣಿತ, ನಾನು ಇಂಗ್ಲಿಷ್. ರಿಟೈರ್ ಆದ ಮೇಲೆ ನಾನು ಗುಲಾಬಿ ಬೆಳೆಸೋಣವೆಂದುಕೊಂಡೆ. ಗುಲಾಬಿಗಳ ಅಭಿಪ್ರಾಯ ಬೇರೆ ಇತ್ತು. ನೀಲಾ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು, ಮೊದಲ ಬೆಂಚಿನಲ್ಲಿ ಕುಳಿತು ಕಲಿಸುವವರ ತಪ್ಪು ತಿದ್ದಿದಳು, ಎರಡು ವರ್ಷದಲ್ಲಿ ಒಂದು ಚೌಕಾಬಾರ ಆಟ ಬರೆದು ಓಪನ್ ಸೋರ್ಸ್ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಳು. ಓಪನ್ ಸೋರ್ಸ್ ಅಂದರೆ ಅಡುಗೆಮನೆಯ ಬಾಗಿಲು ತೆರೆದಿಡುವುದು. ಯಾರು ಬೇಕಾದರೂ ಒಳಗೆ ಬಂದು ಸಾರಿನ ಉಪ್ಪು ನೋಡಬಹುದು, ಖಾರ ಹಾಕಬಹುದು, ಪಾತ್ರೆ ಸಮೇತ ತಮ್ಮ ಮನೆಗೂ ಒಯ್ಯಬಹುದು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನು ಕಳ್ಳತನ ಎನ್ನುತ್ತಿದ್ದರು.

ಈ ಆಟದ ಹಿಂದೆ ಒಂದು ಕಾರಣವಿತ್ತು. ನೀಲಾಳಿಗೆ ನಾಲ್ಕು ತುಂಬುವಾಗ ಅವಳ ಅವ್ವ ತೀರಿಕೊಂಡಿದ್ದರು. ಬೆಳೆಸಿದ್ದು ಹದಿನಾಲ್ಕು ವರ್ಷ ದೊಡ್ಡವರಾದ ಅಕ್ಕ, ಗೌರಕ್ಕ. ಅವ್ವನಿಂದ ನೀಲಾಳಿಗೆ ಉಳಿದದ್ದು ನಾಲ್ಕು ಕವಡೆ, ಮತ್ತು ಆಕೆ ಹೇಗೆ ಆಡುತ್ತಿದ್ದರೆಂಬ ಗೌರಕ್ಕನ ನೆನಪು.

“ಅವ್ವನ ಮಾರಿ ನನಗ ನೆನಪಿಲ್ಲ,” ಎಂದಿದ್ದಳು ನೀಲಾ. “ಆಕಿ ಆಟರ ನೆಟ್ಟಗ ಉಳೀಲಿ. ಒಂದ ನಿಯಮಾನೂ ಬಿಡಬಾರದು. ಎಲ್ಲಾ ಕೂಡಿದ ದಿನ 1.0 ಅಂತ ಹಾಕತೇನಿ. ಅಲ್ಲೀತನ ಬರೇ ಸೊನ್ನಿ.”

ಹಾಗಾಗಿ ಪ್ರತಿ ಶನಿವಾರ ನಾನು ಬಸ್ಸು ಹತ್ತಿ, ಅಕ್ಕ-ತಂಗಿಯರ ಮನೆಯಿದ್ದ ರಾಯಾಪುರದಲ್ಲಿ ಇಳಿಯುತ್ತಿದ್ದೆ. ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ಬುಟ್ಟಿಯಲ್ಲಿ ಮಂಡಕ್ಕಿಯ ಗಿರಮಿಟ್ಟು, ಗೋಡೆಗೆ ಒರಗಿ ಗೌರಕ್ಕ. ಅವರ ಅಪ್ಪ ಉಪ್ಪಿನಬೆಟಗೇರಿಯಲ್ಲಿ ಕಾಳಿನ ವ್ಯಾಪಾರಿ. ಕಾಳು ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಗೌರಕ್ಕ ಕಾಯಿ ನಡೆಸುವಾಗಲೂ ಹಾಗೇ: “ಲಾಭ, ಎರಡ, ಮೂರ...” ನಾವು ಆಡುವುದು, ನೀಲಾ ಬರೆದುಕೊಳ್ಳುವುದು. ಇಂಗ್ಲಿಷಿನಲ್ಲಿ ಲೋಕಕ್ಕೆ ತಿಳಿಸುವುದು ನನ್ನ ಕೆಲಸ.

ನಂಬರಿನ ವಿದ್ಯೆ ನನಗೆ ಬೇಗ ಹತ್ತಲಿಲ್ಲ. 0.9 ಆದ ಮೇಲೆ ನೀಲಾ 0.10 ಎಂದು ಹಾಕಿದಾಗ ನಾನು ರೇಗಿದೆ. “ಗಣಿತದ ಅಕ್ಕೋರ, ಹಿಂದಕ್ಕ ಹೊಂಟೀರಲ್ಲ!”

“ದಶಾಂಶ ಅಲ್ಲ ಅದು. ನಿಮ್ಮ ಚರ್ಚಿನ್ಯಾಗ ಅಧ್ಯಾಯ, ವಚನ ಅಂತ ಓದ್ತೀರಿಲ್ಲೊ? ಒಂಬತ್ತನೇ ವಚನ ಆದ ಮ್ಯಾಲ ಯಾವುದು?”

ಎಪ್ಪತ್ತು ವರ್ಷ ಚರ್ಚಿಗೆ ಹೋದದ್ದು ಇಷ್ಟಕ್ಕಾದರೂ ಉಪಯೋಗವಾಯಿತು. ಉಳಿದದ್ದನ್ನು ಇಳಕಲ್ ಸೀರೆಯ ಲೆಕ್ಕದಲ್ಲಿ ತಿಳಿದುಕೊಂಡೆ. ಮೊದಲ ಅಂಕಿ ಏರಿದರೆ ಸೀರೆಯೇ ಹೊಸದು, ಎರಡನೆಯದು ಏರಿದರೆ ಅದೇ ಸೀರೆಗೆ ಹೊಸ ಅಂಚು, ಮೂರನೆಯದು ಏರಿದರೆ ಹರಿದಲ್ಲಿ ಒಂದು ಹೊಲಿಗೆ.

ಅಂಚುಗಳು ಬರುತ್ತಲೇ ಹೋದವು. ಒಂದು ಶನಿವಾರ ನಾನು ಗೌರಕ್ಕನ ಕೊನೆಯ ಕಾಯಿ ಕಡಿದೆ. ಅವರು ಕಡಿದ ಕಾಯಿಯನ್ನು ಎತ್ತಿ ಮೊದಲಿನ ಮನೆಯಲ್ಲೇ ಇಟ್ಟರು.

“ಹಿರ್ಯಾರ ಕಡೀ ಕಾಯಿ ಕಡಿಯಂಗಿಲ್ಲರಿ ಇಂಗ್ಲಿಷ್ ಅಕ್ಕೋರ. ನಮ್ಮವ್ವ ಹಿಂಗ ಆಡತಿದ್ಲು.”

ನೀಲಾ ಭಕ್ತಿಯಿಂದ ಬರೆದುಕೊಂಡಳು. ಅಂದಿನಿಂದ ಆಟ ಶುರುವಾಗುವ ಮೊದಲು ಕಂಪ್ಯೂಟರು ಎಲ್ಲರ ವಯಸ್ಸು ಕೇಳತೊಡಗಿತು. ಹಿಮ ಬೀಳುವ ಯಾವುದೋ ದೇಶದಿಂದ ನಮಗೆ ನೆರವಾಗುತ್ತಿದ್ದ ಎಮಿಲ್ ಎಂಬ ಸಭ್ಯ ಮನುಷ್ಯ, ಹೆಂಗಸರ ವಯಸ್ಸು ಕೇಳುವುದು ನಿಮ್ಮಲ್ಲಿ ವಾಡಿಕೆಯೇ ಎಂದು ಬರೆದ. ಇಲ್ಲಿ ಬಸ್ಸಿನಲ್ಲೂ ಕೇಳುತ್ತಾರೆ ಎಂದು ಉತ್ತರಿಸಿದೆ.

ಇನ್ನೊಂದು ದಿನ ಗೌರಕ್ಕನಿಗೆ ಕೆಟ್ಟ ಕವಡೆ ಬಿದ್ದ ಗಳಿಗೆಗೆ ಸರಿಯಾಗಿ ನೀಲಾ ಚಹಾ ತಂದಳು. “ಚಾ ಬಂತಂದ್ರ ಆ ಕೈ ಲೆಕ್ಕಕ್ಕಿಲ್ಲ. ನಮ್ಮವ್ವ ಹಂಗ ಆಡತಿದ್ಲು.” ಕಂಪ್ಯೂಟರಿನಲ್ಲಿ ಒಂದು ಚಹಾ ಗುಂಡಿ ಹುಟ್ಟಿತು. ಆಟಕ್ಕೊಮ್ಮೆ ಅದನ್ನು ಒತ್ತಿ ಕೆಟ್ಟ ಕೈಯನ್ನು ಅಳಿಸಬಹುದು. ನೀಲಾ ಇದಕ್ಕೆ 0.11.4 ಎಂದು ಹಾಕಿದಳು. ಎಮಿಲ್ ವಿನಯದಿಂದ ಕಾಗದ ಬರೆದ: ಚಹಾ ಎಂಬುದು ಹೊಲಿಗೆಯಲ್ಲ ಮೇಡಂ, ಹೊಸ ಅಂಚು, 0.12.0 ಆಗಬೇಕು. ಅವನ ಊರಿನಲ್ಲಿ ಆ ಗುಂಡಿಗೆ ಜನ ಹುಚ್ಚಾಗಿದ್ದರಂತೆ.

ನೀವು ಈ ಹೊತ್ತಿಗೆ ಊಹಿಸಿರುತ್ತೀರಿ. ನಾನೂ ಮೂರನೆಯ ವಾರಕ್ಕೇ ಊಹಿಸಿದ್ದೆ. ಬಾಯಿ ಬಿಡಲಿಲ್ಲವೇಕೆ? ಅದನ್ನೂ ಹೇಳಿಬಿಡುತ್ತೇನೆ. ಒಂದು ಶನಿವಾರ ನಾನು ನೀಲಾಳ ಜೊತೆ ಆಡುತ್ತಿದ್ದೆ. ಗೌರಕ್ಕ ಹಿತ್ತಲಲ್ಲಿದ್ದರು. ನಾನು ಸೋಲುತ್ತಿದ್ದೆ, ಅದೂ ಸತತ ಐದನೆಯ ಸಲ. ಕವಡೆ ಕೈಯಿಂದ ಜಾರಿ ಒಂದು ಎಂದು ಬಿತ್ತು. ನನ್ನ ಬಾಯಿಂದ ಒಂದು ಮಾತು ಹೊರಟಿತು: “ಸೆರಗಿನ ಮ್ಯಾಲ ಬಿದ್ದ ಕವಡಿ ತಿರುಗಿ ಹಾಕಬೇಕು. ಹೋದ ವಾರ ಗೌರಕ್ಕನ ಹೇಳಿದ್ರು, ನಿಮ್ಮವ್ವ ಹಂಗ ಆಡತಿದ್ರಂತ.”

ಅಷ್ಟರಲ್ಲಿ ಗೌರಕ್ಕ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. “ಹೌದೇನ ಅಕ್ಕಾ?” ಎಂದಳು ನೀಲಾ. ಗೌರಕ್ಕ ನನ್ನ ಮುಖ ನೋಡಿದರು. ನನ್ನ ಹತ್ತು ವರ್ಷದ ಕಾನ್ವೆಂಟ್ ಶಿಕ್ಷಣ ನೆಲ ನೋಡಿತು.

“ಹೌದಲ್ಲ ಮತ್ತ,” ಎಂದರು ಗೌರಕ್ಕ, ಕಣ್ಣು ಮಿಟುಕಿಸದೆ. ಅದೇ ಹತ್ತೊಂಬತ್ತನೆಯ ನಿಯಮವಾಯಿತು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಡಲಾಗದ ಕಳ್ಳರು.

ನೀಲಾ ಗಣಿತದವಳು. ಒಂದು ದಿನ ತನ್ನ ನೋಟ್‌ಬುಕ್ಕಿನಲ್ಲಿ ಯಾವ ನಿಯಮ ಯಾವಾಗ ಬಂತು, ಆಗ ಯಾರು ಸೋಲುತ್ತಿದ್ದರು ಎಂದು ಕೂಡಿಸಿ ನೋಡಿದಳಂತೆ. ಶನಿವಾರ ನಮ್ಮಿಬ್ಬರೆದುರು ಓದಿದಳು: ಹತ್ತೊಂಬತ್ತರಲ್ಲಿ ಹದಿನೆಂಟು ಗೌರಕ್ಕ ಸೋಲುವಾಗ ಹುಟ್ಟಿದವು. ಉಳಿದ ಒಂದರ ಸುದ್ದಿ ಬರುವ ಮೊದಲೇ ನಾನು ಗಟಗಟ ನೀರು ಕುಡಿದೆ. ಅವಳು ಅದನ್ನೆತ್ತಲಿಲ್ಲ. ನೋಟ್‌ಬುಕ್ಕು ಮುಚ್ಚಿ ಅಕ್ಕನ ಕಡೆ ತಿರುಗಿದಳು.

“ಅಕ್ಕಾ, ಖರೇ ಹೇಳು. ಇದರಾಗ ಅವ್ವನ್ನೂವು ಎಷ್ಟು?”

ಗೌರಕ್ಕ ಗಿರಮಿಟ್ಟಿನಲ್ಲಿ ಉಳಿದಿದ್ದ ಈರುಳ್ಳಿಯನ್ನು ಆರಿಸಿ ಬಾಯಿಗೆ ಹಾಕಿಕೊಂಡರು. “ಒಂದೂ ಇಲ್ಲ.”

“ಹಂಗಾರ ಅವ್ವ ಹೆಂಗ ಆಡತಿದ್ಲು?”

“ಹಿಂಗ. ಸೋಲಾಕತ್ತಿದ್ಲಂದ್ರ ಹೊಸಾದೊಂದು ನಿಯಮ ತಗೀತಿದ್ಲು. ಅವತ್ತಿಂದು ಇವತ್ತಿಲ್ಲ, ಇವತ್ತಿಂದು ನಾಳಿಗಿಲ್ಲ. ಅಪ್ಪ ಜಗಳಾಡಿ ಎದ್ದು ಹೋಗತಿದ್ದ. ನಾ ಆಡಾಕತ್ತಿದ್ದು ಆಕಿ ಆಟನ ನೀಲೂ.”

ನೀಲಾ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಲ್ಯಾಪ್‌ಟಾಪ್ ತೆರೆದಳು. ಒಂದು ನಿಯಮವನ್ನೂ ಅಳಿಸಲಿಲ್ಲ. ಆದರೆ ತೊಡಕು ನೋಡಿ: ಗೌರಕ್ಕ ಸೋಲುತ್ತಿರುವ ತನಕ ಹೊಸ ನಿಯಮ ಬರುತ್ತಿರುತ್ತದೆ, ಹೊಸ ನಿಯಮ ಬರುತ್ತಿರುವ ತನಕ 1.0 ಬರುವುದಿಲ್ಲ. 0.31, 0.32, 0.38. ಪೂರ್ತಿ ಆಟ ಯಾವಾಗ ಎಂದು ಎಮಿಲ್ ಕೇಳಿದ. ಒಬ್ಬ ಹಿರಿಯ ಮಹಿಳೆ ಆಟ ಕಲಿತ ದಿನ, ಎಂದು ಬರೆದೆ.

ಕಳೆದ ವರ್ಷ ಗೌರಕ್ಕ ಹೋದರು. ಸಂಜೆ ಚಹಾ ಕುಡಿದು ಮಲಗಿದವರು ಏಳಲಿಲ್ಲ. ಒಂದು ತಿಂಗಳಾದ ಮೇಲೆ ನೀಲಾ ಕರೆಸಿದಳು. ಪರದೆಯ ಮೇಲೆ ಎಲ್ಲಾ ಸಿದ್ಧವಿತ್ತು, ನಂಬರಿನ ಜಾಗ ಮಾತ್ರ ಖಾಲಿ.

“ಇನ್ನ ಹೊಸಾ ನಿಯಮ ಹೇಳವ್ರಿಲ್ಲ. ಅಂದ್ರ ಮುಗೀತು. ಮುಗಿದದ್ದಕ್ಕ ಒಂದು ಅಂತ ಹಾಕಬೇಕಂತ. ನನ್ನ ಕೈಲಿ ಆಗವಲ್ದು. ನೀ ಹಾಕು.”

ನನ್ನ ಬೆರಳೂ ಒಂದರ ಮೇಲೆ ಇಳಿಯಲಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ವರ್ಷನ್ ನಂಬರಿಗೆ ಪ್ರಾರ್ಥನೆ ನನಗೆ ಕಲಿಸಿರಲಿಲ್ಲ. ಆಗ ಗೌರಕ್ಕ ಒರಗುತ್ತಿದ್ದ ಗೋಡೆ ಕಂಡು ಅವರ ಎಣಿಕೆ ನೆನಪಾಯಿತು. “ನೀಲಾ, ಇದು ಒಂದಲ್ಲ. ನಿಮ್ಮ ಮನ್ಯಾಗ ಇದಕ್ಕ ಏನಂತೀರಿ?”

“ಲಾಭ,” ಎಂದಳು ಅವಳು. 1.0 ಎಂದು ಒತ್ತಿದೆ, ಹೆಸರಿನ ಜಾಗದಲ್ಲಿ ‘ಲಾಭ’ ಎಂದು ಬರೆದೆ. ಎಮಿಲ್ ಅರ್ಥ ಕೇಳಿದ. ಎಣಿಸಲು ಶುರುಮಾಡುವಾಗ ಹೇಳುವ ಮಾತು, ಎಂದೆ.

ಆಮೇಲೆ ಶನಿವಾರಗಳು ನಿಂತುಹೋದವು. ಇಬ್ಬರೇ ಆಡಲು ಮನಸ್ಸಾಗಲಿಲ್ಲ. ನಾನು ಮತ್ತೆ ಗುಲಾಬಿಗಳನ್ನು ಕೊಲ್ಲತೊಡಗಿದೆ.

ಇವತ್ತು ಬಂದ 1.0.1ರ ಟಿಪ್ಪಣಿಯನ್ನು ತೆರೆದೆ. ಇಂಗ್ಲಿಷಿಗೆ ನನ್ನ ಬಳಿ ಬಾರದೆ ನೀಲಾ ತಾನೇ ಕನ್ನಡದಲ್ಲಿ ಬರೆದಿದ್ದಳು: ‘ನಿಯಮ 19, ಸೆರಗಿನ ಕವಡೆ. ಇದು ಅವ್ವನ ಹೆಸರಿನಲ್ಲಿತ್ತು, ತಪ್ಪು. ಇಂಗ್ಲಿಷ್ ಅಕ್ಕೋರ ಹೆಸರಿಗೆ ತಿದ್ದಲಾಗಿದೆ.’

ಫೋನು ಹಚ್ಚಿದೆ. “ಯಾವಾಗಿಂದ ಗೊತ್ತು ನಿನಗ?”

“ಅವತ್ತ. ಮೂವತ್ತ ವರ್ಷ ನೋಡೇನಿ, ಹೆಗಲ ಮ್ಯಾಲ ಪಿನ್ ಹಚ್ಚದ ಸೀರಿ ಉಟ್ಟಿಲ್ಲ ನೀ. ಕವಡಿ ಬೀಳಾಕ ಸೆರಗರ ಎಲ್ಲಿತ್ತ?”

“ಹೇಳಬೇಕಿಲ್ಲೇನ ಆಗ?”

“ಅಕ್ಕ ಹೌದಂದಿದ್ಲಲ್ಲ.” ಸ್ವಲ್ಪ ತಡೆದು ಹೇಳಿದಳು, “ಸೋಲೂ ಮುಂದ ನಿಯಮ ತಗಿಯವ್ರು ಇನ್ನೂ ಒಬ್ಬಾಕಿ ಅದಾಳಂತ ಮೊನ್ನೆ ಹೊಳೀತು. ಶನಿವಾರ ಬಾ. ಕವಡಿ ತಗದಿಟ್ಟೇನಿ.”

ಟೋಸ್ಟು ತಣ್ಣಗಾಗಿತ್ತು, ಹಾಗೇ ತಿಂದೆ. ಶನಿವಾರಕ್ಕೆ ಸೀರೆ ತೆಗೆದಿಟ್ಟಿದ್ದೇನೆ. ಪಿನ್ನು ಡಬ್ಬಿಯಲ್ಲೇ ಇರಲಿ.